ಪಿತೃನಿರ್ಣಯದಲ್ಲಿ ರಕ್ತದ ಸಾಕ್ಷ್ಯ

ಮಹಾಭಾರತದ ಆದಿಪರ್ವದಲ್ಲಿ ಬರುವ ಶಕುಂತಲೋಪಾಖ್ಯಾನವನ್ನು ಅರಿಯದ ವಾಚಕರು ವಿರಳ. ಕಣ್ವಾಶ್ರಮದಲ್ಲಿ ಬೆಳೆದ ಮಗನನ್ನು ಕರೆದುಕೊಂಡು ಶಕುಂತಲೆಯು ದುಷ್ಯಂತನ ಸಭೆಗೆ ಬಂದು, ಇವನು ನಿನ್ನ ಮಗನೆಂದು ಹೇಳುತ್ತಾಳೆ. ರಾಜನು ತನಗೆ ಯಾವುದೂ ನೆನಪಿಲ್ಲವೆನ್ನುತ್ತಾನೆ. ಕಾಳಿದಾಸನ ನಾಟಕದಲ್ಲಿ ಶಾಪವೂ ಉಂಗುರವೂ ಬಂದು ರಾಜನ ಮಾನವನ್ನು ಕಾಪಾಡುತ್ತವೆ. ಮೂಲಕಥೆಯಲ್ಲಿ ಅವೆರಡೂ ಇಲ್ಲ. ಅಲ್ಲಿರುವುದು ಹೆಂಗಸಿನ ಮಾತೊಂದು, ಗಂಡಸಿನ ನಿರಾಕರಣೆಯೊಂದು, ಇವೆರಡರ ನಡುವೆ ನಿಂತ ಬಾಲಕನೊಬ್ಬ. ಸಾಕ್ಷಿಗಳು ಯಾರೂ ಇಲ್ಲ. ಕಡೆಗೆ ಅಶರೀರವಾಣಿಯೇ ಆಕಾಶದಿಂದ ನುಡಿದು ವ್ಯಾಜ್ಯವನ್ನು ತೀರಿಸಬೇಕಾಯಿತು.

ಅಶರೀರವಾಣಿಯು ಎಲ್ಲ ಹೆಂಗಸರ ಪಾಲಿಗೂ ನುಡಿಯುವುದಿಲ್ಲ. ಸುಳ್ಳು ಆಪಾದನೆಗೆ ಸಿಕ್ಕಿದ ಎಲ್ಲ ಗಂಡಸರ ಪಾಲಿಗೂ ನುಡಿಯುವುದಿಲ್ಲ. ತಾಯ್ತನವು ಕಣ್ಣಿಗೆ ಕಾಣತಕ್ಕದ್ದು. ಸೂಲಗಿತ್ತಿಯೇ ಅದಕ್ಕೆ ಸಾಕ್ಷಿ. ತಂದೆತನವು ಹಾಗಲ್ಲ. ನೈಯಾಯಿಕರ ಪರಿಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದು ಪ್ರತ್ಯಕ್ಷಕ್ಕೆ ಗೋಚರ; ಎರಡನೆಯದನ್ನು ಅನುಮಾನದಿಂದಾಗಲಿ ಆಪ್ತವಾಕ್ಯದಿಂದಾಗಲಿ ತಿಳಿಯಬೇಕು. ಈ ಅನುಮಾನಕ್ಕೆ ಗಟ್ಟಿಯಾದ ಹೇತುವೊಂದು ದೊರೆತದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಅದು ಮನುಷ್ಯನ ರಕ್ತದಲ್ಲಿಯೇ ಅಡಗಿದ್ದಿತು. ಅದು ಹೇಗೆ ಕಂಡುಬಂದಿತು, ನ್ಯಾಯಸ್ಥಾನಗಳು ಅದನ್ನು ಹೇಗೆ ಬರಮಾಡಿಕೊಂಡವು, ಹೇಗೆ ಹೊರದೂಡಿದವು ಎಂಬುದು ತಿಳಿಯತಕ್ಕ ಚರಿತ್ರೆಯಾಗಿದೆ.

ವಿಜ್ಞಾನವು ಬರುವುದಕ್ಕೆ ಮೊದಲು ಈ ಪ್ರಶ್ನೆಗೆ ಉತ್ತರವೇ ಇರಲಿಲ್ಲವೆಂದಲ್ಲ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಹನ್ನೆರಡು ಬಗೆಯ ಪುತ್ರರನ್ನು ಎಣಿಸಿದೆ. ಅವರಲ್ಲಿ ‘ಗೂಢೋತ್ಪನ್ನ’ನೆಂಬವನು ಮನೆಯೊಳಗೆ ಹುಟ್ಟಿ, ಯಾರಿಂದ ಹುಟ್ಟಿದನೆಂದು ತಿಳಿಯದವನು. ಅವನ ತಾಯಿಯು ಯಾರ ಪತ್ನಿಯೋ ಅವನಿಗೇ ಆ ಮಗನು ಸೇರತಕ್ಕವನೆಂದು ವಿಧಿ. ಮದುವೆಗೆ ಮೊದಲೇ ತಂದೆಯ ಮನೆಯಲ್ಲಿ ಕನ್ಯೆಯು ಹೆತ್ತ ‘ಕಾನೀನ’ನು ಆಕೆಯ ಕೈಹಿಡಿದವನ ಮಗನೆನಿಸುವನು. ರೋಮನರ ಧರ್ಮಶಾಸ್ತ್ರವೂ ವಿವಾಹವು ಯಾರನ್ನು ತೋರಿಸುವುದೋ ಅವನೇ ತಂದೆಯೆಂದು ಸಾರಿತು. ೧೮೭೨ರ ಇಂಡಿಯನ್ ಎವಿಡೆನ್ಸ್ ಆಕ್ಟಿನ ೧೧೨ನೆಯ ಕಲಮಿನಲ್ಲಿಯೂ ಇದೇ ತತ್ತ್ವವಿದ್ದಿತು. ಸಕ್ರಮವಾದ ವಿವಾಹವು ಇರುವಾಗ ಹುಟ್ಟಿದ ಮಗು, ಅಥವಾ ವಿವಾಹವು ಮುಗಿದ ೨೮೦ ದಿನಗಳೊಳಗೆ, ತಾಯಿಯು ಮರುವಿವಾಹವಾಗದಿರುವಾಗ ಹುಟ್ಟಿದ ಮಗು, ಆ ಪತಿಯದೇ ಎಂಬುದಕ್ಕೆ ಹುಟ್ಟೇ ನಿರ್ಣಾಯಕ ಪ್ರಮಾಣ. ಗರ್ಭಧಾರಣೆಯ ಕಾಲದಲ್ಲಿ ದಂಪತಿಗಳಿಗೆ ಪರಸ್ಪರ ಸಂಪರ್ಕಕ್ಕೆ ಅವಕಾಶವೇ ಇರಲಿಲ್ಲವೆಂದು ತೋರಿಸಿದಲ್ಲಿ ಮಾತ್ರ ಅದು ಮುರಿಯುವುದು. ದೇಶಕಾಲಗಳಲ್ಲಿ ಇಷ್ಟು ದೂರದ ಮೂರು ಶಾಸ್ತ್ರಗಳು ಒಂದೇ ಮಾತನ್ನಾಡಿದುದಕ್ಕೆ ಕಾರಣವು ಸ್ಪಷ್ಟವಾಗಿದೆ. ನಿಜವು ತಿಳಿಯದೆಡೆಯಲ್ಲಿ ಮಗುವನ್ನು ಬೀದಿಪಾಲು ಮಾಡಬಾರದೆಂಬುದೇ ಅವುಗಳ ಆಶಯ.

ಆದರೆ ತಾಯಿಗೆ ಮದುವೆಯೇ ಆಗಿರದಿದ್ದಲ್ಲಿ ಈ ಆಶ್ರಯವು ಮಗುವಿಗೆ ದೊರೆಯುತ್ತಿರಲಿಲ್ಲ. ಆಗ ನ್ಯಾಯಾಧಿಪತಿಗಳು ಪ್ರಮಾಣವಚನವನ್ನು ನಂಬಬೇಕು, ಇಲ್ಲವೆ ಮಗುವಿನ ಮೂಗು ಕಿವಿಗಳನ್ನು ಆಪಾದಿತನ ಮೂಗು ಕಿವಿಗಳೊಡನೆ ಹೋಲಿಸಿ ನೋಡಬೇಕು. ಎರಡೂ ದುರ್ಬಲವಾದ ಸಾಧನಗಳೇ.

ಆಸ್ಟ್ರಿಯಾ ದೇಶದ ವಿಯೆನ್ನಾ ನಗರದಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ಎಂಬ ವೈದ್ಯನು ಶವಪರೀಕ್ಷೆಯ ಶಾಲೆಯೊಂದರಲ್ಲಿ ಕೆಲಸಮಾಡುತ್ತಿದ್ದನು. ಒಬ್ಬರ ರಕ್ತವನ್ನು ಮತ್ತೊಬ್ಬರಿಗೆ ಕೊಟ್ಟಾಗ ಕೆಲವರು ಬದುಕುತ್ತಿದ್ದರು, ಕೆಲವರು ನಡುಗಿ ನರಳಿ ಸಾಯುತ್ತಿದ್ದರು. ಏಕೆಂದು ಯಾರಿಗೂ ತಿಳಿದಿರಲಿಲ್ಲ. ಲ್ಯಾಂಡ್‌ಸ್ಟೈನರನು ತನ್ನ ರಕ್ತವನ್ನೂ ತನ್ನ ಸಹೋದ್ಯೋಗಿಗಳ ರಕ್ತವನ್ನೂ ತೆಗೆದು, ಕೆಂಪು ಕಣಗಳನ್ನು ಒಂದೆಡೆ, ಸೀರಮ್ ಎಂಬ ತಿಳಿಯನ್ನು ಒಂದೆಡೆ ಬೇರ್ಪಡಿಸಿ, ಒಬ್ಬರ ತಿಳಿಯನ್ನು ಇನ್ನೊಬ್ಬರ ಕಣಗಳೊಡನೆ ಸೇರಿಸಿ ನೋಡಿದನು. ಕೆಲವು ಜೋಡಿಗಳಲ್ಲಿ ಕಣಗಳು ಹಾಗೆಯೇ ತೇಲುತ್ತಿದ್ದವು. ಕೆಲವು ಜೋಡಿಗಳಲ್ಲಿ ಒಡೆದ ಹಾಲಿನಂತೆ ಗರಣೆಗಟ್ಟಿದವು. ಈ ಗರಣೆಗಟ್ಟುವಿಕೆಯಲ್ಲಿ ಒಂದು ಕ್ರಮವಿದೆಯೆಂದು ಕಂಡು, ೧೯೦೧ರಲ್ಲಿ ಮನುಷ್ಯರ ರಕ್ತವನ್ನು ಮೂರು ವರ್ಗಗಳಾಗಿ ವಿಂಗಡಿಸಿದನು. ಮರುವರ್ಷವೇ ಡೆಕಾಸ್ಟೆಲ್ಲೊ ಮತ್ತು ಸ್ಟೂರ್ಲಿ ಎಂಬವರು ನಾಲ್ಕನೆಯ ವರ್ಗವನ್ನು ಕಂಡರು. ಈ ನಾಲ್ಕು ವರ್ಗಗಳೇ ಇಂದು ಎ, ಬಿ, ಎಬಿ, ಓ ಎಂದು ಪ್ರಸಿದ್ಧವಾಗಿವೆ. ಈ ಶೋಧನೆಗಾಗಿ ಲ್ಯಾಂಡ್‌ಸ್ಟೈನರನಿಗೆ ೧೯೩೦ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು.

ಕಣಗಳ ಮೈಮೇಲೆ ಎ ಎಂಬ ಲಕ್ಷಣವಿದ್ದವರು ಎ ವರ್ಗದವರು. ಬಿ ಇದ್ದವರು ಬಿ ವರ್ಗದವರು. ಎರಡೂ ಇದ್ದವರು ಎಬಿ. ಎರಡೂ ಇಲ್ಲದವರು ಓ. ಒಬ್ಬನಿಗೆ ಹುಟ್ಟಿನಿಂದ ಬಂದ ವರ್ಗವು ಆಹಾರದಿಂದಾಗಲಿ, ದೇಶಾಂತರವಾಸದಿಂದಾಗಲಿ, ವಯಸ್ಸಿನಿಂದಾಗಲಿ ಬದಲಾಗುವುದಿಲ್ಲ. ಹೀಗೆ ಸ್ಥಿರವಾದ ಲಕ್ಷಣವು ತಂದೆತಾಯಿಗಳಿಂದ ಬಂದಿರಬೇಕಲ್ಲವೆ? ಅದೇ ೧೯೦೦ನೆಯ ಇಸವಿಯಲ್ಲಿ ಮೆಂಡಲ್ ಎಂಬ ಸಂನ್ಯಾಸಿಯ ಮರೆತುಹೋದ ಪ್ರಬಂಧವು ಬೆಳಕಿಗೆ ಬಂದಿದ್ದಿತು. ಬಟಾಣಿಗಿಡಗಳನ್ನು ಬೆಳೆದು ಆತನು ಕಂಡ ಆನುವಂಶಿಕ ನಿಯಮವು ಮನುಷ್ಯರ ರಕ್ತಕ್ಕೂ ಅನ್ವಯಿಸುವುದೆಂಬುದನ್ನು ೧೯೧೦ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ನಗರದಲ್ಲಿ ಎಮಿಲ್ ಫಾನ್ ಡುಂಗರ್ನ್ ಮತ್ತು ಪೋಲೆಂಡಿನವನಾದ ಲುಡ್ವಿಕ್ ಹಿರ್ಷ್‌ಫೆಲ್ಡ್ ಇವರು ತೋರಿಸಿಕೊಟ್ಟರು. ಅವರು ೭೨ ಕುಟುಂಬಗಳ ರಕ್ತವನ್ನು ಪರೀಕ್ಷಿಸಿದರು. ತಂದೆತಾಯಿಗಳಿಬ್ಬರಲ್ಲಿಯೂ ಇಲ್ಲದ ಎ ಲಕ್ಷಣವಾಗಲಿ ಬಿ ಲಕ್ಷಣವಾಗಲಿ ಮಕ್ಕಳಲ್ಲಿ ಹೊಸದಾಗಿ ತಲೆದೋರುವುದಿಲ್ಲವೆಂಬುದು ಅವರ ಸಿದ್ಧಾಂತ. ಇದರಿಂದ ನ್ಯಾಯಸ್ಥಾನಗಳಿಗೆ ಆಗಬಹುದಾದ ಉಪಯೋಗವನ್ನು ಅವರೇ ಊಹಿಸಿದ್ದರು.

ಆದರೆ ಅವರ ಲೆಕ್ಕದಲ್ಲಿ ಒಂದು ತೊಡಕು ಉಳಿದಿದ್ದಿತು. ಎ ಮತ್ತು ಬಿ ಲಕ್ಷಣಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬೇರೆಬೇರೆಯಾಗಿ ಮಕ್ಕಳಿಗೆ ಇಳಿಯುವುವೆಂದು ಅವರು ಎಣಿಸಿದ್ದರು. ಹಾಗಾದರೆ ಎಬಿ ವರ್ಗದ ತಾಯಿಗೆ ಓ ವರ್ಗದ ಮಗುವೂ ಹುಟ್ಟಬಹುದು. ಗೆಟ್ಟಿಂಗೆನ್ ನಗರದ ಗಣಿತಜ್ಞನಾದ ಫೆಲಿಕ್ಸ್ ಬರ್ನ್‌ಸ್ಟೈನನು ಬೇರೆಬೇರೆ ದೇಶಗಳ ಜನರಲ್ಲಿ ನಾಲ್ಕು ವರ್ಗಗಳು ಯಾವ ಪ್ರಮಾಣದಲ್ಲಿವೆಯೆಂಬ ಅಂಕಿಗಳನ್ನು ಮುಂದಿಟ್ಟುಕೊಂಡು ಲೆಕ್ಕಹಾಕಿ, ಈ ಎಣಿಕೆಯು ಹೊಂದುವುದಿಲ್ಲವೆಂದು ೧೯೨೪ರಲ್ಲಿ ತೋರಿಸಿದನು. ಆತನ ಮತದಂತೆ ಎ, ಬಿ, ಓ ಎಂಬ ಮೂರೂ ಒಂದೇ ಸ್ಥಾನಕ್ಕೆ ಸ್ಪರ್ಧಿಸುವ ಬೀಜಗಳು. ಪ್ರತಿಯೊಬ್ಬನಲ್ಲಿಯೂ ಅಂಥವು ಎರಡು ಇರುತ್ತವೆ; ಒಂದು ತಾಯಿಯಿಂದ, ಒಂದು ತಂದೆಯಿಂದ. ಓ ಬೀಜವು ಎ ಅಥವಾ ಬಿ ಬೀಜದೊಡನೆ ಇರುವಾಗ ಹೊರಗೆ ಕಾಣಿಸಿಕೊಳ್ಳದೆ ಅಡಗಿರುತ್ತದೆ. ಎಬಿ ವರ್ಗದವನಲ್ಲಿ ಓ ಬೀಜಕ್ಕೆ ಎಡೆಯೇ ಇಲ್ಲದ ಕಾರಣ ಅವನಿಗೆ ಓ ವರ್ಗದ ಮಗುವು ಹುಟ್ಟಲಾರದು. ರೋಗಿಗಳ ಹಾಸಿಗೆಯ ಬಳಿ ಸುಳಿಯದ ಗಣಿತಜ್ಞನೊಬ್ಬನು ಕಾಗದದ ಮೇಲಿನ ಅಂಕಿಗಳಿಂದಲೇ ವೈದ್ಯರ ಎಣಿಕೆಯನ್ನು ತಿದ್ದಿದುದು ಮುಂದೆ ವ್ಯಾಜ್ಯಗಳಲ್ಲಿ ಬಹಳ ಪ್ರಯೋಜನಕ್ಕೆ ಬಂದಿತು.

ಈಗ ವ್ಯಾಜ್ಯಕ್ಕೆ ಬರೋಣ. ತಾಯಿಯು ಎ ವರ್ಗ, ಮಗುವು ಬಿ ವರ್ಗವೆಂದು ಇಟ್ಟುಕೊಳ್ಳಬೇಕು. ಮಗುವಿನ ಬಿ ಬೀಜವು ತಾಯಿಯಿಂದ ಬಂದಿರಲಾರದು. ಆದುದರಿಂದ ಅದು ತಂದೆಯಿಂದಲೇ ಬಂದಿರಬೇಕು. ತಂದೆಯು ಬಿ ಅಥವಾ ಎಬಿ ವರ್ಗದವನಾಗಿರಲೇಬೇಕು. ಆಪಾದಿತನು ಓ ಅಥವಾ ಎ ವರ್ಗದವನಾಗಿದ್ದರೆ ಅವನು ತಂದೆಯಲ್ಲ. ಆದರೆ ಅವನು ಬಿ ವರ್ಗದವನೇ ಆಗಿದ್ದರೆ? ಆಗಲೂ ಅವನೇ ತಂದೆಯೆಂದು ಹೇಳಲಾಗದು. ಊರಿನಲ್ಲಿರುವ ಬಿ ವರ್ಗದ ಇತರರೂ ಅಷ್ಟೇ ಮಟ್ಟಿಗೆ ತಂದೆಯಾಗಿರಬಹುದು. ಅಂದರೆ ಈ ಪ್ರಮಾಣವು ವ್ಯತಿರೇಕರೂಪವಾದುದು: ‘ಇವನಲ್ಲ’ ಎಂದು ಹೇಳಬಲ್ಲದು, ‘ಇವನೇ’ ಎಂದು ಹೇಳಲಾರದು. ಯೂರೋಪಿನವರಲ್ಲಿ ಸುಳ್ಳು ಆಪಾದನೆಗೆ ಒಳಗಾದ ಆರು ಮಂದಿಯಲ್ಲಿ ಸುಮಾರು ಒಬ್ಬನನ್ನು ಮಾತ್ರ ಈ ನಾಲ್ಕು ವರ್ಗಗಳ ಪರೀಕ್ಷೆಯು ಬಿಡಿಸಬಲ್ಲದಾಗಿದ್ದಿತು. ೧೯೨೭ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ಲೆವೀನ್ ಇವರು ನ್ಯೂಯಾರ್ಕಿನಲ್ಲಿ ಎಂ, ಎನ್ ಎಂಬ ಬೇರೊಂದು ಜೋಡಿ ಲಕ್ಷಣಗಳನ್ನು ಕಂಡಮೇಲೆ ಅದು ಮೂವರಲ್ಲಿ ಒಬ್ಬನೆಂಬ ಪ್ರಮಾಣಕ್ಕೆ ಏರಿತು.

ಜರ್ಮನಿಯ ನ್ಯಾಯಸ್ಥಾನಗಳೊಳಕ್ಕೆ ಈ ಪರೀಕ್ಷೆಯನ್ನು ತಂದವನು ಬರ್ಲಿನಿನ ವೈದ್ಯನಾದ ಫ್ರಿಟ್ಸ್ ಷಿಫ್. ೧೯೨೪ರಿಂದ ಅಲ್ಲಿ ಇದರ ಉಪಯೋಗವು ಆರಂಭವಾಯಿತು. ಅವಿವಾಹಿತೆಯ ಮಗುವಿಗೆ ಹದಿನಾರು ವರ್ಷ ತುಂಬುವವರೆಗೆ ತಂದೆಯು ಜೀವನಾಂಶವನ್ನು ಕೊಡಬೇಕೆಂದು ಆ ದೇಶದ ಕಾಯಿದೆಯಿದ್ದಿತು. ಗರ್ಭಧಾರಣೆಯ ಕಾಲದಲ್ಲಿ ಸಂಪರ್ಕವಿದ್ದವನೇ ತಂದೆಯೆಂದು ಗ್ರಹಿಸಬೇಕು. ಅವನಿಂದ ಗರ್ಭವಾಗಿರುವುದು ಸ್ಪಷ್ಟವಾಗಿ ಅಸಂಭವವೆಂದು ಕಂಡುಬಂದರೆ ಮಾತ್ರ ಬಿಡುಗಡೆ. ಈ ‘ಸ್ಪಷ್ಟವಾದ ಅಸಂಭವ’ವೆಂಬ ಮಾತಿಗೆ ರಕ್ತಪರೀಕ್ಷೆಯು ಒಪ್ಪುವ ಹೊದಿಕೆಯಾಯಿತು. ಕೆಲವೇ ವರ್ಷಗಳಲ್ಲಿ ಜರ್ಮನಿ, ಆಸ್ಟ್ರಿಯಾಗಳಲ್ಲಿ ಸಾವಿರಾರು ವ್ಯಾಜ್ಯಗಳು ಈ ಪರೀಕ್ಷೆಗೆ ಬಂದವು. ಅಮೆರಿಕದಲ್ಲಿ ನ್ಯೂಯಾರ್ಕ್ ಸಂಸ್ಥಾನವು ೧೯೩೫ರಲ್ಲಿ ಇದಕ್ಕೆ ಅವಕಾಶಕೊಡುವ ಕಾಯಿದೆಯನ್ನು ಮಾಡಿತು.

ಇಲ್ಲಿ ಚರಿತ್ರೆಯು ಒಂದು ಕಠೋರವಾದ ತಿರುವನ್ನು ಪಡೆಯುತ್ತದೆ. ರಕ್ತದ ವಿಷಯವಾಗಿ ನಿಜವಾದ ಜ್ಞಾನವನ್ನು ಸಂಪಾದಿಸಿದವರಲ್ಲಿ ಹಲವರು ಯೆಹೂದಿ ಮನೆತನದವರು. ೧೯೩೩ರಲ್ಲಿ ಜರ್ಮನಿಯ ಆಡಳಿತವನ್ನು ಹಿಡಿದ ನಾಜಿಗಳು ‘ರಕ್ತಶುದ್ಧಿ’ಯ ಹೆಸರಿನಲ್ಲಿಯೇ ಅವರನ್ನು ಹೊರಗಟ್ಟಿದರು. ಬರ್ನ್‌ಸ್ಟೈನನು ಪದವಿಯನ್ನು ಕಳೆದುಕೊಂಡು ಅಮೆರಿಕದಲ್ಲಿ ನೆಲಸಿದನು. ಷಿಫನು ೧೯೩೬ರಲ್ಲಿ ನ್ಯೂಯಾರ್ಕಿಗೆ ಹೋಗಿ ೧೯೪೦ರಲ್ಲಿ ಅಲ್ಲಿಯೇ ತೀರಿಕೊಂಡನು. ಹಿರ್ಷ್‌ಫೆಲ್ಡನು ವಾರ್ಸಾ ನಗರದ ಯೆಹೂದಿ ಕೇರಿಯ ಗೋಡೆಗಳೊಳಗೆ ದೂಡಲ್ಪಟ್ಟು, ಅಲ್ಲಿ ವಿಷಮಜ್ವರದೊಡನೆ ಹೋರಾಡುತ್ತ, ಗುಟ್ಟಾಗಿ ವಿದ್ಯಾರ್ಥಿಗಳಿಗೆ ವೈದ್ಯಪಾಠವನ್ನು ಹೇಳುತ್ತ ದಿನಗಳೆದು, ಕಡೆಗೆ ತಪ್ಪಿಸಿಕೊಂಡು ಬದುಕಿದನು. ಈತನೂ ಈತನ ಪತ್ನಿ ಹಾನ್ನಾಳೂ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸಲೋನಿಕಾದಲ್ಲಿ ನೆರೆದಿದ್ದ ನಾನಾ ದೇಶಗಳ ಸೈನಿಕರ ರಕ್ತವನ್ನು ಪರೀಕ್ಷಿಸಿ, ಅದರ ಫಲವನ್ನು ೧೯೧೯ರಲ್ಲಿ ಪ್ರಕಟಿಸಿದ್ದರು. ಭಾರತದ ಸಿಪಾಯಿಗಳೂ ಆ ಪರೀಕ್ಷೆಗೆ ಒಳಪಟ್ಟವರಲ್ಲಿ ಸೇರಿದ್ದರು. ಇಂಗ್ಲಿಷರಲ್ಲಿ ವಿರಳವಾದ ಬಿ ವರ್ಗವು ಭಾರತೀಯರಲ್ಲಿ ಹೇರಳವಾಗಿ ಕಂಡಿತು. ಆದರೂ ಪರೀಕ್ಷೆಗೆ ಬಂದ ಎಲ್ಲ ಜನಾಂಗಗಳಲ್ಲಿಯೂ ಎ, ಬಿ, ಓ ಮೂರೂ ಇದ್ದವು. ಒಂದು ತೊಟ್ಟು ರಕ್ತವನ್ನು ನೋಡಿ ಇದು ಇಂಥ ಕುಲದವನದೆಂದು ಹೇಳಲು ಯಾವ ಪರೀಕ್ಷಕನಿಗೂ ಸಾಧ್ಯವಿಲ್ಲವೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯವು ಬೇಕಿರಲಿಲ್ಲ. ಆದರೂ ೧೯೩೮ರಲ್ಲಿ ನಾಜಿ ಸರಕಾರವು ಕಾಯಿದೆಮಾಡಿ, ವಂಶನಿರ್ಣಯಕ್ಕಾಗಿ ರಕ್ತವನ್ನು ಕೊಡಲು ಯಾರೂ ನಿರಾಕರಿಸಕೂಡದೆಂದು ವಿಧಿಸಿತು. ತಂದೆಯು ಯೆಹೂದಿಯೋ ಅಲ್ಲವೋ ಎಂಬುದರ ಮೇಲೆ ಮಗನ ಪ್ರಾಣವೇ ನಿಂತಿದ್ದ ದಿನಗಳವು. ತಾನು ತಾಯಿಯ ಗಂಡನಿಗೆ ಹುಟ್ಟಿದವನಲ್ಲವೆಂದು ಸಾಧಿಸಿ ಬದುಕಿಕೊಳ್ಳಲು ಹೆಣಗಿದವರೂ ಉಂಟು. ಯಾವ ಪರೀಕ್ಷೆಯು ಮಗುವಿಗೆ ಅನ್ನವನ್ನು ಒದಗಿಸುವ ವ್ಯಾಜ್ಯದಲ್ಲಿ ಹುಟ್ಟಿತೋ ಅದು ಹೀಗೆ ಪ್ರಾಣಾಪಹಾರಿಗಳ ಕೈಗೂ ಸಿಕ್ಕಿತು.

ಇದೇ ಸಮಯದಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ನಡೆದ ವ್ಯಾಜ್ಯವು ಲೋಕಪ್ರಸಿದ್ಧವಾಯಿತು. ಪ್ರತಿವಾದಿಯು ಚಲನಚಿತ್ರಗಳಿಂದ ಜಗತ್ತನ್ನೆಲ್ಲ ನಗಿಸಿದ ಚಾರ್ಲಿ ಚಾಪ್ಲಿನ್. ತನ್ನ ಗರ್ಭದಲ್ಲಿರುವ ಮಗುವಿಗೆ ಅವನೇ ತಂದೆಯೆಂದು ತರುಣಿಯೊಬ್ಬಳು ಹೇಳಿದಳು; ೧೯೪೩ರಲ್ಲಿ ವ್ಯಾಜ್ಯವು ಹೂಡಲ್ಪಟ್ಟಿತು. ಸಂಪರ್ಕವಿದ್ದುದನ್ನು ಚಾಪ್ಲಿನ್ ಅಲ್ಲಗಳೆಯಲಿಲ್ಲ, ಮಗುವು ತನ್ನದಲ್ಲವೆಂದನು. ಮಗುವು ಹುಟ್ಟಿದಮೇಲೆ ಮೂವರು ವೈದ್ಯರು ರಕ್ತವನ್ನು ಪರೀಕ್ಷಿಸತಕ್ಕದ್ದೆಂದೂ, ಅವರಲ್ಲಿ ಇಬ್ಬರಾದರೂ ಚಾಪ್ಲಿನ್ ತಂದೆಯಲ್ಲವೆಂದರೆ ದಾವೆಯನ್ನು ಬಿಡತಕ್ಕದ್ದೆಂದೂ ಉಭಯಪಕ್ಷದವರು ಕರಾರು ಮಾಡಿಕೊಂಡರು. ೧೯೪೪ರ ಫೆಬ್ರವರಿಯಲ್ಲಿ ಪರೀಕ್ಷೆಯಾಯಿತು. ತಾಯಿಯು ಎ; ಮಗುವು ಬಿ; ಚಾಪ್ಲಿನ್ ಓ. ಮೂವರು ವೈದ್ಯರೂ ಏಕಕಂಠದಿಂದ ಚಾಪ್ಲಿನ್ ತಂದೆಯಾಗಿರಲಾರನೆಂದರು. ಮೇಲೆ ಹೇಳಿದ ಉದಾಹರಣೆಯು ಅಕ್ಷರಶಃ ಈ ವ್ಯಾಜ್ಯದ್ದೇ ಆಗಿದೆ.

ಅಲ್ಲಿಗೆ ಮುಗಿಯಬೇಕಾಗಿದ್ದ ವ್ಯಾಜ್ಯವು ಮುಗಿಯಲಿಲ್ಲ. ದೊಡ್ಡವರು ತಮ್ಮೊಳಗೆ ಮಾಡಿಕೊಂಡ ಕರಾರು ಮಗುವಿನ ಹಕ್ಕನ್ನು ಕಟ್ಟಿಹಾಕಲಾರದೆಂದು ನ್ಯಾಯಸ್ಥಾನವು ಹೇಳಿ ವಿಚಾರಣೆಯನ್ನು ಮುಂದುವರಿಸಿತು. ಕ್ಯಾಲಿಫೋರ್ನಿಯಾದ ಉಚ್ಚ ನ್ಯಾಯಸ್ಥಾನವು ೧೯೩೭ರಲ್ಲಿಯೇ, ರಕ್ತಪರೀಕ್ಷೆಯು ನಿರ್ಣಾಯಕ ಪ್ರಮಾಣವಲ್ಲ, ಇತರ ಸಾಕ್ಷ್ಯಗಳೊಡನೆ ತೂಗಿ ನೋಡತಕ್ಕ ಒಂದು ಅಭಿಪ್ರಾಯ ಮಾತ್ರವೆಂದು ತೀರ್ಮಾನಿಸಿದ್ದಿತು. ಆದುದರಿಂದ ಮೂವರು ತಜ್ಞರ ಮಾತೂ ತಾಯಿಯ ಪ್ರಮಾಣವಚನವೂ ಜ್ಯೂರಿಗಳ ಮುಂದೆ ಒಂದೇ ತಕ್ಕಡಿಯಲ್ಲಿ ಬಿದ್ದವು. ಚಾಪ್ಲಿನನನ್ನು ಮಗುವಿನ ಪಕ್ಕದಲ್ಲಿ ನಿಲ್ಲಿಸಿ, ಮುಖಸಾಮ್ಯವನ್ನು ನೋಡಿಕೊಳ್ಳಿರೆಂದು ಜ್ಯೂರಿಗಳಿಗೆ ತೋರಿಸಲಾಯಿತು. ಮೊದಲನೆಯ ವಿಚಾರಣೆಯಲ್ಲಿ ಜ್ಯೂರಿಗಳು ಒಮ್ಮತಕ್ಕೆ ಬರಲಿಲ್ಲ. ೧೯೪೫ರ ಏಪ್ರಿಲಿನಲ್ಲಿ ಮುಗಿದ ಎರಡನೆಯ ವಿಚಾರಣೆಯಲ್ಲಿ ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ಚಾಪ್ಲಿನನೇ ತಂದೆಯೆಂದರು. ಮಗುವಿಗೆ ವಾರಕ್ಕೆ ೭೫ ಡಾಲರುಗಳನ್ನು ಕೊಡಬೇಕೆಂದು ಆಜ್ಞೆಯಾಯಿತು. ೧೯೪೬ರಲ್ಲಿ ಮೇಲ್ಮನವಿಯೂ ತಳ್ಳಲ್ಪಟ್ಟಿತು.

ಜ್ಯೂರಿಗಳನ್ನು ಮೂಢರೆಂದು ತಳ್ಳಿಹಾಕುವುದು ಸುಲಭ. ಅವರ ಮುಂದೆ ಇದ್ದವರು ಒಬ್ಬ ಧನಿಕನೂ ಒಂದು ನಿರಾಶ್ರಿತ ಶಿಶುವೂ. ಇವನು ಕೊಡದಿದ್ದರೆ ಮತ್ತಾರು ಕೊಡುವರೆಂಬ ಪ್ರಶ್ನೆಯು ಅವರನ್ನು ಕಾಡಿರಬಹುದು. ಕರುಣೆಯು ದೊಡ್ಡ ಗುಣವೇ. ಆದರೆ ಸುಳ್ಳಿನ ತಳಹದಿಯ ಮೇಲೆ ಅದನ್ನು ನಿಲ್ಲಿಸಿದರೆ ನಾಳೆ ಅದೇ ಸುಳ್ಳು ಮತ್ತೊಬ್ಬ ಬಡವನ ಕೊರಳಿಗೆ ಬೀಳುವುದು. ಈ ತೀರ್ಪನ್ನು ಕುರಿತು ಅಮೆರಿಕದ ನ್ಯಾಯವಾದಿಗಳಲ್ಲಿ ಬಹಳ ಚರ್ಚೆಯಾಯಿತು. ೧೯೫೨ರಲ್ಲಿ ಎಲ್ಲ ಸಂಸ್ಥಾನಗಳಿಗೂ ಅನುಕೂಲವಾಗುವಂತೆ ಒಂದು ಮಾದರಿ ಕಾಯಿದೆಯು ರಚಿತವಾಯಿತು. ಪರೀಕ್ಷೆಯು ಸ್ಪಷ್ಟವಾಗಿ ‘ಅಲ್ಲ’ವೆಂದರೆ ಅದೇ ಕಡೆಯ ಮಾತೆಂದು ಅದು ವಿಧಿಸಿತು. ಕ್ಯಾಲಿಫೋರ್ನಿಯಾವು ಅದನ್ನು ೧೯೫೩ರಲ್ಲಿ ಅಂಗೀಕರಿಸಿತು.

ವಿಜ್ಞಾನದ ಮಾತೇ ಕಡೆಯ ಮಾತೆಂದು ಅಮೆರಿಕದವರು ಬರೆದಿಟ್ಟ ಆ ೧೯೫೨ರಲ್ಲಿಯೇ ಮುಂಬಯಿಯಿಂದ ಒಂದು ಎಚ್ಚರಿಕೆಯು ಹೊರಟಿತು. ಡಾಕ್ಟರ್ ವೈ. ಎಂ. ಭೇಂಡೆ ಮತ್ತು ಅವರ ಸಂಗಡಿಗರು, ನೋಟಕ್ಕೆ ಓ ವರ್ಗದಂತೆ ತೋರಿದರೂ ಓ ವರ್ಗದ ಕಣಗಳನ್ನೇ ಗರಣೆಗಟ್ಟಿಸುವ ವಿಚಿತ್ರವಾದ ರಕ್ತವನ್ನು ಕೆಲವರಲ್ಲಿ ಕಂಡರು. ಎ ಮತ್ತು ಬಿ ಲಕ್ಷಣಗಳು ಮೈದಾಳಬೇಕಾದರೆ ಎಚ್ ಎಂಬ ಆಧಾರವಸ್ತುವು ಬೇಕು. ಇವರಲ್ಲಿ ಅದೇ ಇಲ್ಲ, ಗೋಡೆಯಿಲ್ಲದೆ ಚಿತ್ರವಿಲ್ಲ. ಆದರೆ ಎ ಅಥವಾ ಬಿ ಬೀಜವು ಅವರಲ್ಲಿ ಮರೆಯಾಗಿ ಇರಬಹುದು, ಮಕ್ಕಳಿಗೆ ಇಳಿದು ಅವರಲ್ಲಿ ಪ್ರಕಟವಾಗಬಹುದು. ಅಂಥ ತಂದೆಯನ್ನು ಸಾಮಾನ್ಯ ಪರೀಕ್ಷೆಯು ಓ ಎಂದು ಬರೆದುಕೊಂಡರೆ, ಅವನ ಸ್ವಂತ ಮಗನೇ ಅವನವನಲ್ಲವೆಂದು ತೀರ್ಪಾಗುವುದು. ಪತಿವ್ರತೆಯಾದ ತಾಯಿಯು ಕಳಂಕಿತೆಯಾಗುವಳು. ‘ಬಾಂಬೆ ವರ್ಗ’ವೆಂದು ಹೆಸರಾದ ಈ ರಕ್ತವು ಯೂರೋಪಿನಲ್ಲಿ ಅತ್ಯಂತ ವಿರಳ, ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರಲ್ಲಿ ಇರುವುದೆಂದು ಎಣಿಕೆ. ಎ ಮತ್ತು ಬಿ ಎರಡೂ ಒಂದೇ ಬೀಜದಲ್ಲಿ ಸೇರಿ ಬರುವ, ಆದುದರಿಂದ ಎಬಿ ವರ್ಗದವರಿಗೆ ಓ ವರ್ಗದ ಮಗುವು ಹುಟ್ಟುವ ಅಪೂರ್ವ ಪ್ರಸಂಗಗಳೂ ಮುಂದೆ ಕಂಡುಬಂದವು. ತರ್ಕಶಾಸ್ತ್ರದಲ್ಲಿ ವ್ಯಾಪ್ತಿಯು ಎಲ್ಲಿಯಾದರೂ ತಪ್ಪಿದರೆ ಅದಕ್ಕೆ ವ್ಯಭಿಚಾರದೋಷವೆಂದು ಹೆಸರು. ಹೇತುವಿನಲ್ಲಿರುವ ವ್ಯಭಿಚಾರವನ್ನು ನೋಡದೆ ಹೆಂಗಸಿನ ಮೇಲೆ ಅದನ್ನು ಹೊರಿಸಿದರೆ ಆಗುವ ಅನ್ಯಾಯವು ಸಣ್ಣದಲ್ಲ. ಆದುದರಿಂದ ಬಲ್ಲ ಪರೀಕ್ಷಕರು ಒಂದೇ ಲಕ್ಷಣವನ್ನು ನಂಬಿ ನಿರ್ಣಯಕ್ಕೆ ಬರುವುದಿಲ್ಲ.

೧೯೮೪ರಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಅಲೆಕ್ ಜೆಫ್ರೀಸ್ ಡಿಎನ್ಎ ಮುದ್ರೆಯನ್ನು ಕಂಡಮೇಲೆ ರಕ್ತವರ್ಗಗಳ ಕಾಲವು ಹಿಂದೆ ಸರಿಯಿತು. ಆ ಪರೀಕ್ಷೆಯು ‘ಅಲ್ಲ’ವೆಂಬುದನ್ನು ಮಾತ್ರವಲ್ಲದೆ ‘ಹೌದು’ ಎಂಬುದನ್ನೂ ಬಹುಮಟ್ಟಿಗೆ ನಿಸ್ಸಂಶಯವಾಗಿ ಹೇಳಬಲ್ಲದು. ಆದರೆ ಭಾರತದ ನ್ಯಾಯಸ್ಥಾನಗಳು ಅದರ ಬಾಗಿಲನ್ನು ಹಾರುಹೊಡೆಯಲಿಲ್ಲ. ತನ್ನ ಮಗುವಿಗೆ ಜೀವನಾಂಶವನ್ನು ಕೊಡುವುದನ್ನು ತಪ್ಪಿಸಿಕೊಳ್ಳಲು ರಕ್ತವರ್ಗಪರೀಕ್ಷೆಯನ್ನು ಬೇಡಿದ ಗಂಡನೊಬ್ಬನ ಮನವಿಯನ್ನು ೧೯೯೩ರಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿ, ಇಂಥ ಪರೀಕ್ಷೆಯನ್ನು ಕೇಳಿದ ಮಾತ್ರಕ್ಕೆ ಆಜ್ಞಾಪಿಸಕೂಡದೆಂದಿತು. ಮಗುವಿಗೂ ತಾಯಿಗೂ ತಗಲುವ ಅಪವಾದವನ್ನು ಮೊದಲು ಎಣಿಸಬೇಕೆಂದಿತು. ೨೦೧೪ರಲ್ಲಿ ಮತ್ತೊಂದು ವ್ಯಾಜ್ಯದಲ್ಲಿ, ಪರೀಕ್ಷೆಯು ಆಗಿಹೋಗಿ ಸತ್ಯವು ಎದುರಿಗೆ ಬಂದು ನಿಂತಿರುವಾಗ ಕಾಯಿದೆಯ ಊಹೆಯು ಅದಕ್ಕೆ ದಾರಿಬಿಡಬೇಕೆಂದು ಅದೇ ನ್ಯಾಯಸ್ಥಾನವು ಹೇಳಿತು. ೨೦೨೩ರಲ್ಲಿ, ದಂಪತಿಗಳ ಜಗಳಕ್ಕೆ ಮಗುವಿನ ಹುಟ್ಟನ್ನು ಆಯುಧವಾಗಿ ಮಾಡಬಾರದೆಂದು ಮತ್ತೆ ಎಚ್ಚರಿಸಿತು. ೧೮೭೨ರ ಕಾಯಿದೆಯ ಸ್ಥಾನದಲ್ಲಿ ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ೧೧೬ನೆಯ ಕಲಮಿನಲ್ಲಿಯೂ ಹಳೆಯ ವಿಧಿಯೇ ಉಳಿದಿದೆ. ಗೂಢೋತ್ಪನ್ನನಿಗೆ ಮನೆಯನ್ನು ಕೊಟ್ಟ ಸ್ಮೃತಿಕಾರನ ಆಶಯವು ಹೀಗೆ ಸೂಕ್ಷ್ಮದರ್ಶಕದ ಕಾಲದಲ್ಲಿಯೂ ಸಂಪೂರ್ಣವಾಗಿ ಅಳಿದಿಲ್ಲ.

ಶಕುಂತಲೆಯ ಕಥೆಯ ಕೊನೆಯು ಇಲ್ಲಿ ಸ್ಮರಣೀಯವಾಗಿದೆ. ಅಶರೀರವಾಣಿಯನ್ನು ಕೇಳಿದ ಮೇಲೆ ದುಷ್ಯಂತನು ಸಭಾಸದರ ಕಡೆಗೆ ತಿರುಗಿ, ಇವನು ತನ್ನ ಮಗನೆಂಬುದು ತನಗೆ ಮೊದಲೇ ತಿಳಿದಿದ್ದಿತೆಂದೂ, ಆಕೆಯ ಮಾತೊಂದನ್ನೇ ನಂಬಿ ಸ್ವೀಕರಿಸಿದ್ದರೆ ಲೋಕವು ಶಂಕಿಸುತ್ತಿದ್ದಿತೆಂದೂ ಹೇಳುತ್ತಾನೆ. ಪ್ರಮಾಣವು ಬೇಕಾಗಿದ್ದುದು ರಾಜನಿಗಲ್ಲ, ಸಭೆಗೆ. ಹಸ್ತಿನಾವತಿಯ ಸಭೆಯು ಪ್ರಮಾಣವನ್ನು ಕೇಳಿ ಒಪ್ಪಿತು. ಲಾಸ್ ಏಂಜಲೀಸಿನ ಸಭೆಯು ಕೇಳಿಯೂ ಒಪ್ಪಲಿಲ್ಲ. ಆದರೆ ಎರಡು ಸಭೆಗಳಲ್ಲಿಯೂ ದೊಡ್ಡವರ ವಾದವು ನಡೆಯುತ್ತಿದ್ದಷ್ಟು ಹೊತ್ತು, ಏನನ್ನೂ ಹೇಳಲಾರದ ಮಗುವೊಂದು ಎಲ್ಲರ ನೋಟಕ್ಕೆ ಗುರಿಯಾಗಿ ನಡುವೆ ಇದ್ದಿತು. ಮುಂದೆ ಬರುವ ಪರೀಕ್ಷೆಗಳು ಎಷ್ಟೇ ಸೂಕ್ಷ್ಮವಾದರೂ, ಪ್ರಮಾಣವನ್ನು ತೂಗುವವರು ಆ ಮಗುವಿನ ಕಡೆಗೂ ಒಮ್ಮೆ ನೋಡಬೇಕಾಗುವುದು.